ಎರಡು ಬೆರಳು ಆಚೆ

ಉಮ್ಮೆ ಕುಲ್ಸುಂ ಆ ಕೆಲಸಕ್ಕೆ ಸೇರಿದ್ದು ಎರಡೇ ಎರಡು ವರ್ಷದ ಮಟ್ಟಿಗೆ. ಇದು ಅವಳು ಹಾಕಿಕೊಂಡ ಲೆಕ್ಕ ಅಲ್ಲ, ಕೆಲಸ ಕೊಟ್ಟವರೇ ಹೇಳಿದ ಮಾತು. "ನೋಡಮ್ಮಾ, ಈ ವಿಮಾನ ಇನ್ನೆರಡು ವರ್ಷಕ್ಕೆ ನಿಂತುಹೋಗುತ್ತೆ. ಹಳೇ ಮಾಡೆಲ್ಲು. ಆಮೇಲೆ ನನ್ನ ಕೇಳಬೇಡ" ಅಂತ ಶೆಡ್ಡಿನ ಹಳೇ ಯಜಮಾನರು ಬಾಗಿಲಲ್ಲೇ ನಿಲ್ಲಿಸಿ ಹೇಳಿದ್ದರು. ಅದು ತೊಂಬತ್ತಮೂರನೇ ಇಸವಿ, ಅವಳಿಗೆ ಇಪ್ಪತ್ತಾರು. ಹಾಗೆ ಹೇಳಿದ ಯಜಮಾನರು ತೀರಿಕೊಂಡರು, ಅವರ ಮಗ ಜಗದೀಶ್ ಕುರ್ಚಿಗೆ ಬಂದು ಅವರ ತಲೆಯೂ ನರೆಯಿತು. ಕುಲ್ಸುಂ ಶಿವಾಜಿನಗರದ ಗಲ್ಲಿ ಬಿಟ್ಟು ರಾಮಮೂರ್ತಿ ನಗರದ ಬಾಡಿಗೆ ಮನೆಗೆ ಬಂದಳು, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದಳು, ಗಂಡನನ್ನು ಕಳೆದುಕೊಂಡಳು, ಮಂಡಿನೋವು ಸಂಪಾದಿಸಿದಳು. ವಿಮಾನ ಮಾತ್ರ ನಿಲ್ಲಲಿಲ್ಲ. ಹೊಸ ಆರ್ಡರ್ ಬಂದಾಗಲೆಲ್ಲ ಯಾರಾದರೊಬ್ಬರು "ಇದೇ ಕೊನೇದಂತೆ ಕಣ್ರೇ" ಅನ್ನುವರು, ಹೆಂಗಸರೆಲ್ಲ "ಓಹೋ" ಅಂತ ರಾಗ ಎಳೆದು ನಗುವರು.

ಶೆಡ್ಡು ಅಂದರೆ ಈಗ ಶೆಡ್ಡಲ್ಲ. ಸಿ.ವಿ. ರಾಮನ್ ನಗರದ ಹಿಂದಿನ ಅಡ್ಡರಸ್ತೆಯಲ್ಲಿ ಮೂರು ಅಂತಸ್ತಿನ ಕಟ್ಟಡ, ಲಿಫ್ಟೂ ಇದೆ. ಆದರೂ ತಗಡಿನ ಕಾಲದ ಹೆಸರು ಹೋಗಲಿಲ್ಲ. ಅಲ್ಲಿ ನಡೆಯುವುದು ಒಂದೇ ಕೆಲಸ. ಯುದ್ಧವಿಮಾನದ ಹೊಟ್ಟೆಯೊಳಗೆ ಓಡುವ ತಂತಿಗಳನ್ನು ಅಳತೆಗೆ ಕತ್ತರಿಸಿ, ಕಟ್ಟು ಕಟ್ಟಿ, ತುದಿಗೆ ಪಿನ್ನುಗಳಿರುವ ಕನೆಕ್ಟರ್ ಕೂರಿಸಿ, ವಿಮಾನ ಜೋಡಿಸುವ ದೊಡ್ಡ ಫ್ಯಾಕ್ಟರಿಗೆ ಕಳಿಸುವುದು. ಒಂದು ಕಟ್ಟಿನಲ್ಲಿ ಎಂಬತ್ತು ತೊಂಬತ್ತು ತಂತಿ. ಅದಕ್ಕೆ ಹಾರ್ನೆಸ್ ಅಂತ ಹೆಸರು. ಬೇರೆ ಕಡೆ ಪ್ಲಾಸ್ಟಿಕ್ ಪಟ್ಟಿ, ಕ್ಲಿಪ್ಪು ಏನೇನೋ ಬಂದಿರಬಹುದು. ಈ ವಿಮಾನದ ಡ್ರಾಯಿಂಗಿನಲ್ಲಿ ಮೇಣದ ದಾರ ಅಂತ ಬರೆದಿದೆ, ಆದ್ದರಿಂದ ಮೇಣದ ದಾರವೇ. ಹಾಕಿದ ಗಂಟು ಜಾರಬಾರದು, ತಂತಿಯನ್ನು ಕಚ್ಚಲೂಬಾರದು. ಕುಲ್ಸುಂ ಗಂಟು ಹಾಕುವಾಗ ನೀವು ಕಣ್ಣು ಮಿಟುಕಿಸಿದಿರೋ ಮುಗೀತು, ಹೇಗೆ ಹಾಕಿದಳು ಅಂತ ಗೊತ್ತಾಗುವುದಿಲ್ಲ.

ವಿಮಾನಕ್ಕೆ ಸರ್ಕಾರ ಇಟ್ಟ ಹೆಸರು ಏನೇ ಇರಲಿ, ಶೆಡ್ಡಿನಲ್ಲಿ ಅದು ಬುಡ್ಡಿ. ಆ ಹೆಸರು ಬಂದಿದ್ದೂ ಒಂದು ತಮಾಷೆ. ಸೇರಿದ ಹೊಸದರಲ್ಲಿ ಒಂದು ದಿನ ತಲೆ ಮೇಲೆ ಆ ಜೆಟ್ಟು ಕಿವಿ ಹರಿಯುವ ಹಾಗೆ ಹೋದಾಗ ಕುಲ್ಸುಂ "ಬುಡ್ಡಿ ಆಯಿ ದೇಖೋ" ಅಂದಳು. ಅವರ ಮನೆಮಾತಿನಲ್ಲಿ ಬುಡ್ಡಿ ಅಂದರೆ ಮುದುಕಿ. ಪಕ್ಕದಲ್ಲಿ ಕೂತಿದ್ದ ಚಿಕ್ಕಮುನಿಯಮ್ಮ, ಕೆ.ಆರ್. ಪುರದವಳು, ಕತ್ತೆತ್ತಿ ನೋಡಿ, "ಹೂಂ ಕಣೇ, ಹಿಂದ್ಗಡೆ ಉರೀತಾ ಐತಲ್ಲ, ಥೇಟು ಸೀಮೆಎಣ್ಣೆ ಬುಡ್ಡಿನೇ" ಅಂದಳು. ಒಬ್ಬಳು ಹೇಳಿದ್ದು ಮುದುಕಿ, ಇನ್ನೊಬ್ಬಳಿಗೆ ಕೇಳಿಸಿದ್ದು ದೀಪ. ಇಬ್ಬರೂ ತಲೆ ಆಡಿಸಿದರು. ಈ ಇಬ್ಬರ ಮಾತು ಬೇರೆ ಬೇರೆ ಅಂತ ಗೊತ್ತಾಗುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು, ಅಷ್ಟರಲ್ಲಿ ಇಡೀ ಶೆಡ್ಡು ಬುಡ್ಡಿ ಬುಡ್ಡಿ ಅನ್ನುತ್ತಿತ್ತು.

ಅಲ್ಲಿ ಕೆಲಸ ಮಾಡುವವರಿಗೆ ಮರ್ಯಾದೆ ಅಂದರೆ ಮೊಹರು. ಹೆಬ್ಬೆರಳ ಗಾತ್ರದ ಒಂದು ರಬ್ಬರ್ ಮೊಹರು, ಅದರಲ್ಲಿ ಒಂದು ನಂಬರು. ಹಾರ್ನೆಸ್ ಕಟ್ಟಿ ಮುಗಿಸಿದ ಮೇಲೆ ಅದರ ಜೊತೆ ಹೋಗುವ ಚೀಟಿಗೆ ಕಟ್ಟಿದವರ, ಇಲ್ಲವೇ ನಿಂತು ಕಟ್ಟಿಸಿದವರ ಮೊಹರು ಬೀಳಬೇಕು. "ಇದನ್ನು ನಾನು ಡ್ರಾಯಿಂಗ್ ಪ್ರಕಾರ ಮಾಡಿದ್ದೇನೆ, ಕೆಟ್ಟರೆ ನನ್ನನ್ನು ಕೇಳಿ" ಅಂತ ಅದರ ಅರ್ಥ. ಒಬ್ಬರ ನಂಬರು ಇನ್ನೊಬ್ಬರಿಗೆ ಕೊಡುವಂತಿಲ್ಲ, ಸತ್ತರೂ ಕೊಡುವುದಿಲ್ಲ. ಕುಲ್ಸುಂದು ಹದಿನೇಳು. ಎಷ್ಟೋ ಹುಡುಗಿಯರು ವರ್ಷಗಟ್ಟಲೆ ಕೂತರೂ ಮೊಹರು ಸಿಗದೆ ಬೇರೆಯವರ ಕೈಕೆಳಗೇ ಕಟ್ಟುತ್ತಾರೆ. ಅವಳಿಗೆ ಮೂರೇ ತಿಂಗಳಿಗೆ ಸಿಕ್ಕಿತ್ತು. ಐವತ್ತೆಂಟಕ್ಕೆ ನಿವೃತ್ತಿ ಅಂತ ನಿಯಮ ಇದ್ದರೂ, ಆಮೇಲೂ ಹೊಸ ಹುಡುಗಿಯರಿಗೆ ಕಲಿಸೋಕೆ ಇರಬೇಕು, ಮೊಹರೂ ನಿಮ್ಮ ಹತ್ತಿರವೇ ಇರಲಿ ಅಂತ ಜಗದೀಶ್ ಸಾರ್ ಬಾಯಿಬಿಟ್ಟು ಹೇಳಿದ್ದರು. ಅದಕ್ಕಿನ್ನು ನಲವತ್ತು ದಿನ ಬಾಕಿ ಇತ್ತು. ಅವಳು ಆ ದಿನಕ್ಕಾಗಿ ಒಳಗೊಳಗೇ ಹಿಗ್ಗುತ್ತಿದ್ದಳು.

ಬೃಂದಾ ಬಂದಿದ್ದು ಹೋದ ವರ್ಷ. ಇಪ್ಪತ್ತೈದರ ಎಂಜಿನಿಯರ್ ಹುಡುಗಿ. ಊಟದ ಹೊತ್ತಿನಲ್ಲಿ ಮೇಡಂಗಿರಿ ಬಿಟ್ಟು ಡಬ್ಬಿ ಹಿಡಿದು ಹೆಂಗಸರ ಸಾಲಿಗೇ ಬಂದು ಕೂರುತ್ತಿದ್ದಳು. ಒಂದು ದಿನ ಕೇಳಿಯೇಬಿಟ್ಟಳು.

"ಆಪಾ, ನಂಗೊಂದು ಅರ್ಥ ಆಗಲ್ಲ. ಡ್ರಾಯಿಂಗ್ ಮೇಲಿರೋ ತಾರೀಖು ನೋಡಿದ್ರೆ ನಮ್ಮಪ್ಪ ಇನ್ನೂ ಚಡ್ಡಿ ಹಾಕ್ತಿದ್ದ ಕಾಲ. ಫೋನ್ ಎರಡು ವರ್ಷಕ್ಕೆ ಚೇಂಜ್ ಮಾಡ್ತೀವಿ. ಇಷ್ಟು ಹಳೇ ಪ್ಲೇನ್ ಯಾಕೆ ಇನ್ನೂ ಮಾಡ್ತಾನೇ ಇದಾರೆ?"

ಕುಲ್ಸುಂ ಬಾಯಲ್ಲಿದ್ದ ತುತ್ತು ನುಂಗಿ ಹೇಳಿದಳು. "ಹೊಸದೂ ಮಾಡ್ತಾ ಇದಾರೆ ಬೇಟಾ. ಅದು ಕಾಗದದಿಂದ ಎದ್ದು ರನ್‌ವೇಗೆ ಬರೋಕೆ ಇಪ್ಪತ್ತು ವರ್ಷ. ಅಲ್ಲೀತನಕ ಆಕಾಶಕ್ಕೆ ಬೀಗ ಹಾಕ್ಕೊಂಡು ಕೂರ್ತಾರಾ? ಬುಡ್ಡಿ ಅಂದ್ರೆ ಗೊತ್ತಿರೋ ಹೆಂಗಸು. ಎಲ್ಲಿ ಬಿಸಿ ಆಗ್ತಾಳೆ, ಎಲ್ಲಿ ಉಜ್ಜಿಕೊಳ್ತಾಳೆ, ಮಳೆಗಾಲದಲ್ಲಿ ಯಾವ ಪಿನ್ನು ಹಸಿರು ಕಟ್ತದೆ, ಎಲ್ಲಾ ಗೊತ್ತು. ಮೂಗಿನೊಳಗಿನ ಮೆಷಿನ್ನು ಮೂರು ಸಲ ಚೇಂಜ್ ಮಾಡಿದಾರೆ, ಮೈ ಮಾತ್ರ ಅದೇ. ತಗೊಂಡವರ ಹತ್ರ ಅವಳಿಗೆ ಸರಿಹೋಗೋ ಏಣಿ ಇದೆ, ಪಾನಾ ಇದೆ, ಅವಳ ಸ್ವಭಾವ ಕಲ್ತಿರೋ ಹುಡುಗರಿದಾರೆ. ಎಲ್ಲಾ ಗುಜರಿಗೆ ಹಾಕಿ ಹೊಸದು ತಗೊಳ್ಳಿ ಅಂದ್ರೆ ಯಾರು ಕೇಳ್ತಾರೆ?"

"ಇನ್ನೊಂದೈತೆ" ಅಂತ ಚಿಕ್ಕಮುನಿಯಮ್ಮ ಮುದ್ದೆ ಮುರಿಯುತ್ತಾ ಬಾಯಿ ಹಾಕಿದಳು. "ಒಂದು ತಂತಿ ಬಣ್ಣ ಬದ್ಲಾಯಿಸ್ಬೇಕು ಅಂದ್ರೂ ಏಳು ಜನ ಸೈನ್ ಹಾಕ್ಬೇಕು. ಬಿಸಿ ಮಾಡಿ ನೋಡ್ಬೇಕು, ಅಲ್ಲಾಡಿಸಿ ನೋಡ್ಬೇಕು, ಹಾರ್ಸಿ ನೋಡ್ಬೇಕು. ಅಷ್ಟು ರಗಳೆ ಯಾರಿಗ್ಬೇಕು? ಇರೋದನ್ನೇ ಮಾಡಿ ಅಂತಾರೆ."

ಬೃಂದಾ ನಕ್ಕಳು. ಕುಲ್ಸುಂ ನಗಲಿಲ್ಲ, ಡಬ್ಬಿ ಮುಚ್ಚಿ ಎದ್ದುಬಿಟ್ಟಳು. ಆ ಏಳು ಸೈನಿನ ರಗಳೆ ಯಾರಿಗೆ ಬೇಕು ಅಂತ ಬಿಟ್ಟಿದ್ದ ಒಂದು ವಿಷಯ ಅವಳ ಹೊಟ್ಟೆಯೊಳಗೆ ಮೂವತ್ತೆರಡು ವರ್ಷದಿಂದ ಕೂತಿತ್ತು. ಅದೇನು ಅಂತ ಹೇಳಿಬಿಡುತ್ತೇನೆ, ಮುಚ್ಚಿಟ್ಟು ನಿಮ್ಮನ್ನು ಸತಾಯಿಸುವುದಿಲ್ಲ.

ಹಾರ್ನೆಸ್ ಕಟ್ಟುವುದು ಒಂದು ಹಲಗೆ ಮೇಲೆ. ಮಂಚದಷ್ಟು ದೊಡ್ಡ ಪ್ಲೈವುಡ್ ಹಲಗೆಗೆ ಪೂರ್ತಿ ಅಳತೆಯ ಡ್ರಾಯಿಂಗ್ ಅಂಟಿಸಿ, ಗೆರೆಯ ಗುಂಟ ಮೊಳೆ ಹೊಡೆದಿರುತ್ತಾರೆ. ಮೊಳೆಗಳ ನಡುವೆ ತಂತಿ ಹಾಯಿಸಬೇಕು. ಪ್ರತಿ ಕವಲಿನ ಕೊನೆಯ ಗೆರೆ ಮೇಲೆ ಒಂದು ಮರದ ತುಂಡು, ಅದರಲ್ಲಿ ಕನೆಕ್ಟರ್ ಕೂರುತ್ತೆ. ಸೇರಿದ ಮೊದಲನೇ ವರ್ಷ, ವಿಮಾನದ ಬಾಲದ ಕಡೆ ಹೋಗುವ ಹಾರ್ನೆಸ್ಸಿನ ಒಂದು ತುಂಡು ಅವಳ ಮಂಡಿ ತಾಗಿ ಕಿತ್ತುಬಂತು. ಬೈಸಿಕೊಳ್ಳಬೇಕಲ್ಲ ಅಂತ ಹೆದರಿ, ಯಾರಿಗೂ ಹೇಳದೆ, ಅಂದಾಜಿನ ಮೇಲೆ ತಾನೇ ಹೊಡೆದು ಕೂರಿಸಿದಳು. ಅದು ಗೆರೆಯಿಂದ ಎರಡು ಬೆರಳು ಆಚೆ ಕೂತಿತು, ಆ ಕವಲಿನ ತಂತಿ ಅಷ್ಟು ಉದ್ದವಾಯಿತು. ಹನ್ನೆರಡು ಸೆಟ್ ಹೋದ ಮೇಲೆ ಅವಳ ಕಣ್ಣಿಗೆ ಬಿತ್ತು. ಆಗಿನ ಇನ್ಸ್‌ಪೆಕ್ಟರ್ ಆದಿನಾರಾಯಣ ಅವರ ಮುಂದೆ ಹೋಗಿ ಅತ್ತುಕೊಂಡು ಹೇಳಿದಳು. ಅವರು ಸ್ಕೇಲ್ ಹಿಡಿದು ನೋಡಿ, ಬೆವರು ಒರೆಸಿಕೊಂಡು, "ಯಾರ ಹತ್ರಾನೂ ಬಾಯಿ ಬಿಡಬೇಡ, ನೋಡೋಣ" ಅಂದರು.

ಬೈಗುಳ ಬರುತ್ತೆ ಅಂತ ಕಾದರೆ ಬಂದಿದ್ದು ಹೊಗಳಿಕೆ. ವಿಮಾನ ನಿಲ್ಲಿಸುವ ಹ್ಯಾಂಗರ್‌ನಲ್ಲಿ ಆ ಹಾರ್ನೆಸ್ ಕೂರಿಸುವ ಫಿಟ್ಟರ್ ಒಬ್ಬ ಆದಿನಾರಾಯಣರಿಗೆ ಸಿಕ್ಕಿ, "ಈ ಸಲದ್ದು ಚೆನ್ನಾಗಿದೆ ಸಾರ್, ಕೈ ಆಡುತ್ತೆ" ಅಂದನಂತೆ. ಆ ಕನೆಕ್ಟರ್ ಇರುವ ಜಾಗ ಬಲು ಇಕ್ಕಟ್ಟು. ಡ್ರಾಯಿಂಗಿನ ಅಳತೆಯಲ್ಲಿ ತಂತಿ ಬಿಗಿಯಾಗಿ ನಿಂತು, ಬಿಚ್ಚುವಾಗ ಗೆಣ್ಣು ಸುಲಿಯುತ್ತಿತ್ತು. ಜಗ್ಗಿ ಜಗ್ಗಿ ಪಿನ್ನೂ ಸಡಿಲ ಆಗುತ್ತಿತ್ತು. ಎರಡು ಬೆರಳು ಹೆಚ್ಚಾದದ್ದೇ ತಡ, ಕನೆಕ್ಟರ್ ಹೊರಗೆ ಎಳೆದುಕೊಂಡು ಆರಾಮಾಗಿ ಬಿಚ್ಚಬಹುದು. ಆದಿನಾರಾಯಣ ಬಂದು, "ಆ ತುಂಡು ಅಲ್ಲೇ ಇರಲಿ. ಡ್ರಾಯಿಂಗ್ ತಿದ್ದಿಸೋಕೆ ಏಳು ಸೈನು. ಇನ್ನೆರಡು ವರ್ಷಕ್ಕೆ ನಿಲ್ಲೋ ವಿಮಾನಕ್ಕೆ ಯಾಕೆ ಆ ಗೋಳು" ಅಂದರು. ಅಷ್ಟೇ. ಆಮೇಲೆ ಹಲಗೆ ತೇವಕ್ಕೆ ಉಬ್ಬಿ ನಾಲ್ಕು ಸಲ ಬದಲಾಯಿತು. ಪ್ರತಿ ಸಲವೂ ಕುಲ್ಸುಂ ಹೊಸ ಗೆರೆ ಮೇಲೆ ತನ್ನ ಎರಡು ಬೆರಳು ಇಟ್ಟು, ಆಚೆಗೆ ತುಂಡು ಹೊಡೆದಳು. ಹಲಗೆ ಮೇಲೆ ಸರಿಯಾಗಿ ಕೂತರೆ ಅಳತೆ ಸರಿ ಅಂತಲೇ ಲೆಕ್ಕ. ಬೇರೆ ಯಾರೂ ಸ್ಕೇಲ್ ಹಿಡಿಯಲಿಲ್ಲ. ಪ್ರತಿ ಚೀಟಿಯ ಮೇಲೂ ಹದಿನೇಳು ನಂಬರು ಬಿತ್ತು: ಡ್ರಾಯಿಂಗ್ ಪ್ರಕಾರ.

ಈ ಸಲದ ಆರ್ಡರ್ ಜೊತೆ ದೊಡ್ಡ ಫ್ಯಾಕ್ಟರಿಯವರು ಹಳೇ ಡ್ರಾಯಿಂಗುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಬೇಕು ಅಂದರು. ಬೃಂದಾ ಆರು ತಿಂಗಳು ಕಣ್ಣು ಕೆಂಪಗೆ ಮಾಡಿಕೊಂಡು ಕೂತು ಹಾಕಿದಳು. ಹೊಸ ಹಲಗೆ ಬಂತು, ಉಬ್ಬದ ಕುಗ್ಗದ ಹಲಗೆ, ಅದರ ಮೇಲೆ ಮೆಷಿನ್ನಿನಲ್ಲೇ ಅಚ್ಚಾದ ಗೆರೆ. ಕುಲ್ಸುಂ ಚಿಕ್ಕ ಮಗಳ ಬಾಣಂತನಕ್ಕೆ ಅಂತ ಎರಡು ವಾರ ರಜೆಯಲ್ಲಿದ್ದಳು. ಅವಳು ವಾಪಸ್ ಬಂದ ಸೋಮವಾರದ ಹೊತ್ತಿಗೆ ಹೊಸ ಹಲಗೆ ಮೇಲೆ ಆರು ಸೆಟ್ ಕಟ್ಟಿ ಮುಗಿದಿತ್ತು. ಹಳೇ ಹಲಗೆ ಮೊಳೆ ಕಿತ್ತು, ತುಂಡಾಗಿ, ಶನಿವಾರವೇ ಗುಜರಿ ಟೆಂಪೋ ಹತ್ತಿ ಹೋಗಿತ್ತು.

ಅಭ್ಯಾಸಬಲ ನೋಡಿ, ಹೊಸ ಹಲಗೆ ಪಕ್ಕದಲ್ಲಿ ಹಾದು ಹೋಗುವಾಗ ಅವಳ ಕೈ ತಾನಾಗಿ ಆ ತುಂಡಿನ ಕಡೆ ಹೋಯಿತು. ಗೆರೆಗೂ ತುಂಡಿಗೂ ನಡುವೆ ಬೆರಳು ಇಡಲು ಜಾಗವೇ ಇರಲಿಲ್ಲ.

"ಇದು ಇಲ್ಲೇ ಇರಬೇಕಾ ಬೇಟಾ?"

"ಡ್ರಾಯಿಂಗ್ ಪ್ರಕಾರ ಆಪಾ, ಕೂದಲೆಳೆ ವ್ಯತ್ಯಾಸ ಇಲ್ಲ" ಅಂದಳು ಬೃಂದಾ, ಮುಖದ ತುಂಬ ಖುಷಿ. "ಗುರುವಾರ ಆಡಿಟ್. ಆರು ಸೆಟ್ ಪಾಸಾದ್ರೆ ಸಾರ್ ಎಲ್ಲರಿಗೂ ಬಿರಿಯಾನಿ ಕೊಡಿಸ್ತಾರಂತೆ. ಇದು ನನ್ನ ಮೊಹರಲ್ಲಿ ಹೋಗ್ತಿರೋ ಮೊದಲನೇ ಲಾಟ್ ಗೊತ್ತಾ?"

ಕುಲ್ಸುಂ ಹೋಗಿ ತನ್ನ ಜಾಗದಲ್ಲಿ ಕೂತಳು. ಹೇಳಿದರೆ ಮೂವತ್ತೆರಡು ವರ್ಷದ ನೂರಾರು ಚೀಟಿ ಸುಳ್ಳಾಗುತ್ತೆ. ಮೊಹರು ಹೋಗುತ್ತೆ, ಕಲಿಸುವ ಕೆಲಸ ಹೋಗುತ್ತೆ, ಜಗದೀಶ್ ಸಾರ್‌ಗೂ ಏಟು ಬಿದ್ದರೆ ಆಶ್ಚರ್ಯ ಇಲ್ಲ. ಹೇಳದಿದ್ದರೆ ಆರು ವಿಮಾನದ ಬಾಲದಲ್ಲಿ ತಂತಿ ಬಿಗಿದು ನಿಲ್ಲುತ್ತೆ, ಮೇಲೆ ನಂಬರು ಈ ಹುಡುಗಿಯದು. ಅವತ್ತು ಅವಳು ಗಂಟುಗಳನ್ನು ಎರಡೆರಡು ಸಲ ಬಿಚ್ಚಿ ಹಾಕಬೇಕಾಯಿತು.

ಮಂಗಳವಾರ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಹಲಸೂರಿಗೆ ಹೋದಳು. ಆದಿನಾರಾಯಣ ಈಗ ಎಂಬತ್ತರ ಹತ್ತಿರ. ಕೆರೆ ಹತ್ತಿರದ ಮನೆಯ ಜಗಲಿ ಮೇಲೆ ಪೇಪರ್ ಓದುತ್ತಾ ಕೂತಿದ್ದರು. ಕುಲ್ಸುಂ ಎಲ್ಲವನ್ನೂ ಹೇಳಿದಳು.

"ಯಾವ ಎರಡು ಬೆರಳಮ್ಮ?" ಅಂದರು ಅವರು. ಅವಳು ಅವರ ಮುಖವನ್ನೇ ನೋಡುತ್ತಾ ಕೂತಳು. ಅವರು ಪೇಪರ್ ಮಡಚಿದರು. "ಎರಡು ವರ್ಷ ಅಂದಿದ್ರಮ್ಮ ಆವಾಗ. ದೇವರಾಣೆ ಎರಡೇ ವರ್ಷ ಅಂದಿದ್ರು. ಆಮೇಲೆ ಆರು ವಿಮಾನ ಅಂದ್ರು, ಆಮೇಲೆ ಹನ್ನೆರಡು. ಅಷ್ಟು ಹೊತ್ತಿಗೆ ಹೇಳೋಕೆ ಹೋದ್ರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳ್ತಾರಲ್ಲ, ಅದಕ್ಕೇ ಬಿಟ್ಟೆ."

"ಈಗೇನ್ ಮಾಡ್ಲಿ ಸಾರ್?"

"ಸುಮ್ನಿರು. ಈಗಲೂ ಅಷ್ಟೇ, ಎಷ್ಟು ದಿನ ಓಡುತ್ತೆ ಆ ವಿಮಾನ? ನಿನಗಿನ್ನು ನಲವತ್ತು ದಿನ. ಹಾಯಾಗಿ ಮುಗಿಸ್ಕೋ."

ಇಷ್ಟು ಅನ್ನುವಷ್ಟರಲ್ಲಿ ಹಳೇ ಏರ್‌ಪೋರ್ಟಿನ ಕಡೆಯಿಂದ ಗುಡುಗು ಎದ್ದು, ಕಿಟಕಿ ಗಾಜು ಗಡಗಡ ಅಂದಿತು. ಇಬ್ಬರೂ ಕತ್ತೆತ್ತಿದರು. ಸದ್ದಿನಲ್ಲೇ ಯಾರು ಅಂತ ಇಬ್ಬರಿಗೂ ಗೊತ್ತಾಯಿತು. ಅದು ಕರಗುವ ತನಕ ಮಾತಾಡುವಂತಿರಲಿಲ್ಲ.

"ಅದರೊಳಗೆ ಕೈ ಹಾಕೋ ಹುಡುಗರು ಇದಾರಲ್ಲ ಸಾರ್" ಅಂದಳು ಕುಲ್ಸುಂ. "ನಾನು ಸುಮ್ನಿದ್ರೆ ಅವರಿಗೆ ಹೇಗೆ ಗೊತ್ತಾಗ್ಬೇಕು?"

ಅವರು ಪೇಪರನ್ನು ಪಕ್ಕಕ್ಕಿಟ್ಟರು. ಆಮೇಲೆ ಮೆತ್ತಗೆ, "ಹೇಳೋದಾದ್ರೆ ಹೇಳಮ್ಮ. ನನ್ನ ಹೆಸರು ಮಾತ್ರ ಎತ್ತಬೇಡ. ಮೊಮ್ಮಗ ಅದೇ ಫ್ಯಾಕ್ಟರೀಲಿ ಸೇರಿದಾನೆ" ಅಂದರು. ಕುಲ್ಸುಂಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಯ್ಯೋ ಪಾಪ ಅನ್ನಿಸಿತು. "ಎತ್ತಲ್ಲ ಸಾರ್" ಅಂತ ಮಾತು ಕೊಟ್ಟು ಬಸ್ ಸ್ಟಾಪಿಗೆ ನಡೆದಳು.

ಬುಧವಾರ ಪೂರ್ತಿ ಬಾಯಿ ತೆರೆಯಲು ಧೈರ್ಯ ಸಾಲಲಿಲ್ಲ. ಬೃಂದಾ ಹತ್ತಿರ ಎರಡು ಸಲ ಹೋಗಿ, ಒಂದು ಸಲ ಕತ್ತರಿ ಕೇಳಿ, ಇನ್ನೊಂದು ಸಲ ಟೈಮ್ ಕೇಳಿ ವಾಪಸ್ ಬಂದಳು. ಗೋಡೆ ಮೇಲೆ ಗಡಿಯಾರ ಇತ್ತು, ಕತ್ತರಿ ಅವಳ ಕೈಯಲ್ಲೇ ಇತ್ತು.

ಗುರುವಾರ ಬೆಳಿಗ್ಗೆ, ಆಡಿಟರ್ ಬರಲು ಹತ್ತು ನಿಮಿಷ ಇರುವಾಗ, ಬೃಂದಾಳನ್ನು ಮೆಟ್ಟಿಲ ಹತ್ತಿರ ಕರೆದು ಎಲ್ಲ ಹೇಳಿಬಿಟ್ಟಳು. ಹುಡುಗಿಯ ಮುಖ ಬಿಳಿಚಿಕೊಂಡಿತು.

"ಇವತ್ತೇ ಹೇಳ್ಬೇಕಾ ಆಪಾ? ಸಾರ್‌ಗೆ ಮೊದ್ಲು ಹೇಳಿ, ಆಮೇಲೆ ನೋಡೋಣ."

"ಆಮೇಲೆ ನೋಡೋಣ ಅಂದೇ ಇಷ್ಟು ವರ್ಷ ಆಯ್ತು. ಆ ಆರು ಸೆಟ್ ನಿನ್ನ ನಂಬರಲ್ಲಿ ಹೋಗ್ತಾವೆ ಬೇಟಾ. ನನ್ನ ತಪ್ಪು ನಿನ್ನ ತಲೆ ಮೇಲೆ ಕೂರೋದು ಬೇಡ."

ಆಡಿಟರ್ ಹೆಸರು ಸುಗತ. ದೊಡ್ಡ ಫ್ಯಾಕ್ಟರಿಯ ಕ್ವಾಲಿಟಿ ಸೆಕ್ಷನ್ನಿನವರು, ನಲವತ್ತರ ಆಸುಪಾಸು, ಮಾತು ಕಮ್ಮಿ. ಹೊಸ ಹಲಗೆ ನೋಡಿ, ಸೆಟ್ಟುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, "ಗುಡ್" ಅಂತ ಪೆನ್ನು ತೆಗೆದರು. ಜಗದೀಶ್ ಸಾರ್ ನಗು ತಡೆದುಕೊಂಡು ನಿಂತಿದ್ದರು. ಕುಲ್ಸುಂ ತಲೆ ಮೇಲಿನ ದುಪ್ಪಟ್ಟಾ ಸರಿಮಾಡಿಕೊಂಡು ಮುಂದೆ ಬಂದಳು.

"ಸಾರ್, ಸೈನ್ ಹಾಕ್ಬೇಡಿ. ಡ್ರಾಯಿಂಗ್ ಪ್ರಕಾರ ಇದು ಸರಿ ಇದೆ. ವಿಮಾನದ ಪ್ರಕಾರ ಎರಡು ಬೆರಳು ಕಮ್ಮಿ ಇದೆ."

ಸುಗತ ಕುರ್ಚಿ ಎಳೆದುಕೊಂಡು ಕೂತು, ಆದದ್ದೆಲ್ಲ ಕೇಳಿದರು. ಮಂಡಿ ತಾಗಿದ್ದು, ಹೆದರಿದ್ದು, ಹನ್ನೆರಡು ಸೆಟ್, ಫಿಟ್ಟರ್ ಹೇಳಿದ ಮಾತು. ಜಗದೀಶ್ ಸಾರ್ ಮುಖದಲ್ಲಿ ರಕ್ತ ಇರಲಿಲ್ಲ. "ಏನ್ರೀ ಇದು, ನನಗೇ ಗೊತ್ತಿಲ್ವಲ್ರೀ" ಅಂತ ಎರಡು ಸಲ ಅಂದರು.

"ಯಾರು ಒಪ್ಪಿಗೆ ಕೊಟ್ಟಿದ್ದು?" ಕೇಳಿದರು ಸುಗತ.

"ಯಾರೂ ಇಲ್ಲ ಸಾರ್. ನಾನೇ."

"ತೊಂಬತ್ತಮೂರರಲ್ಲಿ ಇಲ್ಲಿ ಇನ್ಸ್‌ಪೆಕ್ಟರ್ ಇರಲಿಲ್ವಾ?"

"ಇದ್ರು ಸಾರ್. ಹೊಡೆದಿದ್ದು ನಾನು, ಮೊಹರು ಹಾಕಿದ್ದೂ ನಾನು."

ಸುಗತ ಅವಳನ್ನು ಒಂದು ಕ್ಷಣ ನೋಡಿ, ಕೈಯಲ್ಲಿದ್ದ ಹಳೇ ಫೈಲಿನ ಪುಟ ತಿರುವಿದರು. ಆ ಪುಟದ ಕೆಳಗೆ ಆದಿನಾರಾಯಣರ ಸೈನ್ ಎದ್ದು ಕಾಣುತ್ತಿತ್ತು. ಅವರು ಮತ್ತೆ ಆ ಪ್ರಶ್ನೆ ಕೇಳಲಿಲ್ಲ. ಬದಲಿಗೆ, "ಎರಡು ಬೆರಳು ಅಂದ್ರೆ ಎಷ್ಟು ಮಿಲಿಮೀಟರ್?" ಅಂದರು.

ಯಾರಿಗೂ ಗೊತ್ತಿರಲಿಲ್ಲ. ಹಳೇ ಹಲಗೆ ಗುಜರಿಗೆ ಹೋಗಿತ್ತು. ಬೃಂದಾ ಡ್ರಾಯರಿನಿಂದ ವರ್ನಿಯರ್ ತಂದಳು. ಕೂದಲೆಳೆ ಕೂಡ ಅಳೆಯುವ ಉಕ್ಕಿನ ಇಕ್ಕುಳ ಅದು. ಕುಲ್ಸುಂ ಬಲಗೈ ಚಾಚಿ ಎರಡು ಬೆರಳು ಜೋಡಿಸಿದಳು. ಬೃಂದಾ ಆ ಇಕ್ಕುಳದ ಬಾಯಿಯನ್ನು ಬೆರಳಿನ ಎರಡೂ ಕಡೆ ತಾಗಿಸಿ ಬಗ್ಗಿ ಓದಿದಳು. "ಮೂವತ್ತನಾಲ್ಕು."

"ಅದೇ ಬೆರಳೇನೇ ಅದು?" ಅಂತ ಹಿಂದಿನಿಂದ ಚಿಕ್ಕಮುನಿಯಮ್ಮನ ದನಿ ಕೇಳಿಸಿತು. "ಸೇರ್ದಾಗ ಬೀನ್ಸ್ ಕಾಯಿ ಇದ್ದಂಗಿತ್ತು ನಿನ್ ಬೆರಳು. ಈಗ ನೋಡು, ಬದ್ನೆಕಾಯಿ."

ಹೆಂಗಸರು ಕಿಸಕ್ಕನೆ ನಕ್ಕರು. ಸುಗತ ನಗಲಿಲ್ಲ, ತಲೆ ಕೆರೆದುಕೊಂಡರು. ಮಾತಿನಲ್ಲಿ ಅರ್ಥ ಇತ್ತು. ಹ್ಯಾಂಗರಿಗೆ ಫೋನ್ ಮಾಡಿ, ಬೇರೆ ಬೇರೆ ಕಾಲದ ಮೂರು ವಿಮಾನದ ಬಾಲದ ಮುಚ್ಚಳ ತೆಗೆಸಿ, ಆ ಕವಲು ಡ್ರಾಯಿಂಗಿಗಿಂತ ಎಷ್ಟು ಹೆಚ್ಚಿದೆ ಅಳೆದು ಹೇಳಿ ಅಂದರು. ಉತ್ತರ ಬರುವ ತನಕ ಯಾರೂ ಊಟಕ್ಕೆ ಏಳಲಿಲ್ಲ. ಎರಡು ಗಂಟೆಗೆ ಫೋನ್ ಬಂತು. ಸುಗತ ಬರೆದುಕೊಂಡು, ಒಂದು ಸಲ ತಾವೇ ಓದಿಕೊಂಡು, ಆಮೇಲೆ ಎಲ್ಲರಿಗೂ ಕೇಳುವಂತೆ ಓದಿದರು.

"ತೊಂಬತ್ತೈದರದ್ದು, ಮೂವತ್ತೊಂದು. ಎರಡು ಸಾವಿರದ ಎಂಟರದ್ದು, ಮೂವತ್ತಮೂರು. ಹೋದ ವರ್ಷದ್ದು, ಮೂವತ್ತನಾಲ್ಕು."

ಎಲ್ಲರೂ ಕುಲ್ಸುಂ ಬೆರಳು ನೋಡಿದರು. ಅವಳೂ ನೋಡಿಕೊಂಡಳು. ಮದುವೆ ಉಂಗುರ ಯಾವಾಗಲೋ ಬಿಗಿಯಾಗಿ, ತೆಗೆದಿಟ್ಟು ಹತ್ತು ವರ್ಷವಾಗಿತ್ತು. ಅದರ ಲೆಕ್ಕ ವಿಮಾನಗಳ ಬಾಲದಲ್ಲಿ ಇದೆ ಅಂತ ಅವಳಿಗೆ ಹೇಗೆ ಗೊತ್ತಿರಬೇಕು? ಜಗದೀಶ್ ಸಾರ್ ಕೂಡ ಅಷ್ಟು ಹೆದರಿಕೆಯಲ್ಲೂ ನಕ್ಕುಬಿಟ್ಟರು.

ಸುಗತ ತೀರ್ಮಾನ ಹೇಳಿದರು. ಆರು ಸೆಟ್ ಇಲ್ಲೇ ನಿಲ್ಲಬೇಕು, ಆ ಕವಲನ್ನು ಮತ್ತೆ ಕಟ್ಟಬೇಕು. ಹಾರುತ್ತಿರುವ ವಿಮಾನಗಳಿಂದ ಈ ಜಾಗದ ಬಗ್ಗೆ ಒಂದು ದೂರೂ ಇಲ್ಲ, ಆದ್ದರಿಂದ ತಿದ್ದಬೇಕಾದ್ದು ಡ್ರಾಯಿಂಗು. ಮೂವತ್ತನಾಲ್ಕು ಹೆಚ್ಚು, ಮೂರು ಆಚೆ ಈಚೆ ನಡೆಯುತ್ತೆ, ಅಂತ ಅರ್ಜಿ ಇವತ್ತೇ ಹೋಗಲಿ, ಏಳು ಸೈನೂ ನಾನೇ ಓಡಾಡಿ ಹಾಕಿಸುತ್ತೇನೆ ಅಂದರು. ಶೆಡ್ಡಿಗೆ ಒಂದು ಎಚ್ಚರಿಕೆ ಪತ್ರ. ಇಷ್ಟು ಹೇಳಿ ಪೆನ್ನಿನ ಮುಚ್ಚಳ ಹಾಕಿ, ಕುಲ್ಸುಂ ಕಡೆ ತಿರುಗಿದರು. ಮುಂದಿನ ಮಾತು ಆಡುವುದು ಅವರಿಗೂ ಇಷ್ಟ ಇರಲಿಲ್ಲ ಅಂತ ಕಾಣುತ್ತೆ.

"ಗೊತ್ತಿದ್ದೂ ಡ್ರಾಯಿಂಗ್ ಪ್ರಕಾರ ಅಂತ ಹಾಕಿದ್ದೀರಿ. ಒಳ್ಳೇದೇ ಆಗಿರಬಹುದು. ಆದ್ರೆ ಇವತ್ತು ನಿಮ್ಮನ್ನ ಬಿಟ್ರೆ, ನಾಳೆ ಇನ್ನೊಬ್ಬರು ಅಂದಾಜಿನ ಮೇಲೆ ಹೊಡೀತಾರೆ. ಅವರದ್ದು ಒಳ್ಳೇದಾಗದೆ ಇರಬಹುದು. ಮೊಹರು ಕೊಡ್ಬೇಕಮ್ಮ."

"ಇನ್ನು ಒಂದು ತಿಂಗಳು ಚಿಲ್ರೆ ಸಾರ್, ಆಮೇಲೆ ಇಲ್ಲೇ ಹುಡುಗೀರಿಗೆ ಕಲಿಸೋಕೆ ಅಂತ..." ಜಗದೀಶ್ ಸಾರ್ ಶುರುಮಾಡಿದರು.

"ಮೊಹರು ಇಲ್ಲದವರು ಕಲಿಸೋ ಹಾಗಿಲ್ಲ, ನಿಮಗೂ ಗೊತ್ತು."

ಕುಲ್ಸುಂ ಕುರ್ತಾ ಜೇಬಿನಿಂದ ಮೊಹರು ತೆಗೆದು ಮೇಜಿನ ಮೇಲಿಟ್ಟಳು. ಅಳಬಾರದು ಅಂತ ಬೆಳಿಗ್ಗೆಯಿಂದ ಗಟ್ಟಿ ಮಾಡಿಕೊಂಡಿದ್ದಳು, ಅಳಲಿಲ್ಲ. ನಂಬರು ಅಳಿಸಿಹಾಕುವ ಕಾಗದಕ್ಕೆ ಸೈನ್ ಮಾಡಿ ಎಂದರು, ಮಾಡಿದಳು. ಸುಗತ ಹೋಗುವಾಗ ಎರಡೂ ಕೈ ಜೋಡಿಸಿದರು. ಅವಳು ಸಲಾಂ ಮಾಡಿದಳು.

ಇನ್ನು ಎರಡು ಗಂಟೆ ಕೆಲಸ ಬಾಕಿ ಇತ್ತು. ಮೊದಲನೇ ಸೆಟ್ಟಿನ ಕವಲು ಬಿಚ್ಚಿ ಹೊಸದಾಗಿ ಕಟ್ಟಬೇಕಿತ್ತು. ಕುಲ್ಸುಂ ತಾನೇ ಕೂತಳು. ಮೇಣದ ದಾರ ಎಳೆದಳು, ಗಂಟು ಹಾಕಿದಳು, ಒಂದರ ಹಿಂದೆ ಒಂದು, ಕೈ ಒಂದು ಸಲವೂ ತಡವರಿಸಲಿಲ್ಲ. ಮುಗಿದಾಗ ಅಭ್ಯಾಸದಂತೆ ಬಲಗೈ ಜೇಬಿಗೆ ಹೋಯಿತು, ಬರಿಗೈಯಲ್ಲಿ ವಾಪಸ್ ಬಂತು. ಬೃಂದಾ ಎದುರಿಗೆ ನಿಂತಿದ್ದಳು. ಸ್ಕೇಲ್ ಇಟ್ಟು ಅಳೆದಳು, ಒಂದೊಂದು ಗಂಟನ್ನೂ ಉಗುರಿನಿಂದ ಒತ್ತಿ ನೋಡಿದಳು, ತಪ್ಪು ಹುಡುಕುವವಳ ಹಾಗೇ ಹುಡುಕಿದಳು. ಒಂದೂ ಸಿಗಲಿಲ್ಲ. ಆಮೇಲೆ ತನ್ನ ಮೊಹರು ತೆಗೆದು, ಬದಲಿಸಿದ ಅಳತೆ, ಒಪ್ಪಿಗೆ ಬರುವ ತನಕ ಇಲ್ಲೇ ತಡೆದಿದೆ ಅಂತ ಚೀಟಿಯ ಮೇಲೆ ಬರೆದು, ಕೆಳಗೆ ಒತ್ತಿದಳು. ನಲವತ್ತೊಂದು.

ಕುಲ್ಸುಂ ಆ ನಂಬರನ್ನೇ ನೋಡುತ್ತಾ ಕೂತಳು. ಮೊಹರು ಸಿಕ್ಕ ಮೇಲೆ ತನ್ನ ಕೈಯ ಕೆಲಸ ಬೇರೆಯವರ ನಂಬರಲ್ಲಿ ಇದ್ದದ್ದು ಇದೇ ಮೊದಲು.

"ಹೊಟ್ಟೆ ಉರೀತದೆ ಬೃಂದಾ" ಅಂದಳು.

"ನಂಗೂ ಆಪಾ" ಅಂದಳು ಬೃಂದಾ. ಅವಳ ಕಣ್ಣು ತುಂಬಿತ್ತು. ಕುಲ್ಸುಂ ತನ್ನ ದುಪ್ಪಟ್ಟಾದ ಅಂಚಿನಿಂದ ಅದನ್ನು ಒರೆಸಿ, ಎರಡನೇ ಸೆಟ್ ಎಳೆದುಕೊಂಡು, "ಬಾ, ಪಕ್ಕದಲ್ಲಿ ಕೂರು, ಸುಮ್ನೆ ನನ್ನ ಕೈ ನೋಡು" ಅಂದಳು.